ತಪ್ಪಿಲ್ಲದ ಒಪ್ಪಿಗೆ

ನನ್ನ ಚಿಕ್ಕಮ್ಮನ ಮಗನಿಗೆ ನಲವತ್ತು ದಾಟಿದೆ. ಬುದ್ಧಿ ಮಾತ್ರ ಆರೇಳು ವರ್ಷದ ಹುಡುಗನದು. ನಾವು ಚಿಕ್ಕವರಿದ್ದಾಗ ಊರಿನಲ್ಲಿ ಒಮ್ಮೆ ಪಕ್ಕದ ಮನೆಯವರ ಹಿತ್ತಾಳೆ ಬಿಂದಿಗೆ ಕಾಣೆಯಾಯಿತು. "ನೀನು ತೆಗೆದುಕೊಂಡೆಯಾ?" ಎಂದು ಅವನನ್ನು ಗದರಿಸಿ ಕೇಳಿದರು. "ಹೌದು" ಎಂದ. "ಹಿತ್ತಲಲ್ಲಿ ಬಚ್ಚಿಟ್ಟೆಯಾ?" "ಹೌದು." "ಅಲ್ಲಿಲ್ಲವಲ್ಲ, ಬಾವಿಗೆ ಹಾಕಿದೆಯಾ?" ಅದಕ್ಕೂ "ಹೌದು." ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ ಎದ್ದು ಬಂದು ಅವನ ತಲೆ ಸವರಿ, "ಕೆರೆಯ ನೀರೆಲ್ಲ ಕುಡಿದವನೂ ನೀನೇ ಏನೋ ಕಂದಾ?" ಎಂದು ಕೇಳಿದರು. "ಹೌದು ಅಜ್ಜಿ" ಎಂದು ನಕ್ಕ. ಬಂದವರು ಮಾತಿಲ್ಲದೆ ಹಿಂತಿರುಗಿದರು.

ಜೋ ಆರಿಡಿಯ ಕಥೆ ಓದಿದಾಗಲೆಲ್ಲ ನನಗೆ ಅಜ್ಜಿಯ ಆ ಪ್ರಶ್ನೆ ನೆನಪಾಗುತ್ತದೆ.

ಜೋ ಹುಟ್ಟಿದ್ದು 1915ರಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಪ್ವೆಬ್ಲೊ ಎಂಬ ಊರಿನಲ್ಲಿ. ತಂದೆತಾಯಿ ಸಿರಿಯಾದಿಂದ ವಲಸೆ ಬಂದವರು. ತಂದೆ ಉಕ್ಕಿನ ಕಾರ್ಖಾನೆಯ ಕೂಲಿ. ಮಗನಿಗೆ ಮಾತು ಬಂದದ್ದು ತಡವಾಗಿ. ಶಾಲೆಗೆ ಸೇರಿಸಿದರೆ ವರ್ಷದೊಳಗೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಹತ್ತನೆಯ ವಯಸ್ಸಿಗೆ ಗ್ರ್ಯಾಂಡ್ ಜಂಕ್ಷನ್ನಿನ ಸರ್ಕಾರಿ ಆಶ್ರಮಕ್ಕೆ, ಬುದ್ಧಿ ಬೆಳೆಯದವರನ್ನು ಇರಿಸುತ್ತಿದ್ದ ಜಾಗಕ್ಕೆ, ಕಳುಹಿಸಲಾಯಿತು. 1936ರ ಆಗಸ್ಟ್‌ನಲ್ಲಿ ಅಲ್ಲಿಂದ ಹೊರಬಿದ್ದು ಗೂಡ್ಸ್ ರೈಲುಗಳನ್ನು ಹತ್ತಿ ಅಲೆಯತೊಡಗಿದ. ಅದೇ ತಿಂಗಳು ಪ್ವೆಬ್ಲೊದಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಸಿ ಕೊಲ್ಲಲಾಗಿತ್ತು. ಪಕ್ಕದಲ್ಲಿ ಮಲಗಿದ್ದ ತಂಗಿ ತಲೆಗೆ ಪೆಟ್ಟು ತಿಂದೂ ಬದುಕಿಕೊಂಡಳು. ಆ ಮನೆಯವರ ಸಂಕಟವನ್ನು ನಾನು ಒಂದಿಷ್ಟೂ ಕಡಿಮೆ ಮಾಡಿ ಹೇಳುತ್ತಿಲ್ಲ. ಊರಿಗೆ ಊರೇ ಕುದಿಯುತ್ತಿತ್ತು, ಕುದಿಯಲೇಬೇಕಿತ್ತು.

ಪಕ್ಕದ ವಯೋಮಿಂಗ್ ರಾಜ್ಯದ ರೈಲ್ವೆ ಯಾರ್ಡಿನಲ್ಲಿ ಅಲೆಯುತ್ತಿದ್ದ ಜೋನನ್ನು ಹಿಡಿದು ಅಲ್ಲಿನ ಶೆರಿಫ್‌ಗೆ, ಅಂದರೆ ಪೊಲೀಸ್ ಮುಖ್ಯಸ್ಥನಿಗೆ, ಒಪ್ಪಿಸಿದರು. ಪ್ವೆಬ್ಲೊದವನು ಎಂದು ತಿಳಿದೊಡನೆ ಶೆರಿಫ್ ಆ ಕೊಲೆಯ ಬಗ್ಗೆ ಕೇಳಿದ. ಹುಡುಗ ಒಪ್ಪಿಕೊಂಡ. ಯಾವುದರಿಂದ ಹೊಡೆದೆ? ಮೊದಲು ದೊಣ್ಣೆ ಎಂಬ ಉತ್ತರ ಬಂತು. ಅಷ್ಟರಲ್ಲಿ ಪ್ವೆಬ್ಲೊ ಪೊಲೀಸರು ಫ್ರಾಂಕ್ ಅಗಿಲಾರ್ ಎಂಬ ಇನ್ನೊಬ್ಬನನ್ನು ಬಂಧಿಸಿದ್ದಾರೆ, ಅವನ ಮನೆಯಲ್ಲಿ ಕೊಡಲಿ ಸಿಕ್ಕಿದೆ ಎಂದು ಶೆರಿಫ್‌ಗೆ ತಿಳಿಯಿತು. ಜೋನ ದೊಣ್ಣೆ ಕೊಡಲಿಯಾಯಿತು. ಒಬ್ಬನೇ ಮಾಡಿದ್ದ ಕೊಲೆ ಇಬ್ಬರು ಸೇರಿ ಮಾಡಿದ್ದಾಯಿತು. ಹಿತ್ತಲು ಹೋಗಿ ಬಾವಿ ಬಂದ ಹಾಗೆ.

ನಮ್ಮ ಭಾಷೆಯಲ್ಲಿ ಇದಕ್ಕೆ ತಪ್ಪೊಪ್ಪಿಗೆ ಎನ್ನುತ್ತೇವೆ. ತಪ್ಪು ಒಂದು ಮಾತು, ಒಪ್ಪಿಗೆ ಇನ್ನೊಂದು. ಜೋನ ಬಳಿ ಇದ್ದದ್ದು ಒಪ್ಪಿಗೆ ಮಾತ್ರ. ಇಂಥ ಮಕ್ಕಳೊಂದಿಗೆ ಬದುಕಿದವರಿಗೆ ಇದು ಗೊತ್ತು: ಅವರಿಗೆ ಪ್ರಶ್ನೆಯ ಅರ್ಥ ತಿಳಿಯದಿರಬಹುದು, ಕೇಳುವವರ ಮುಖ ತಿಳಿಯುತ್ತದೆ. ಯಾವ ಉತ್ತರ ಕೊಟ್ಟರೆ ಎದುರಿನವರ ಸಿಟ್ಟು ಇಳಿಯುತ್ತದೆ ಎಂಬುದು ಎಲ್ಲರಿಗಿಂತ ಬೇಗ ತಿಳಿಯುತ್ತದೆ.

ವಿಚಾರಣೆಯಲ್ಲಿ ಮೂವರು ಮನೋವೈದ್ಯರು ಇವನ ಬುದ್ಧಿ ಆರು ವರ್ಷದ ಮಗುವಿನಷ್ಟು ಎಂದು ಹೇಳಿದರು. ಬುದ್ಧಿಮತ್ತೆಯ ಅಳತೆ, ಅಂದರೆ ಐಕ್ಯೂ, 46. ಆದರೆ ಹುಚ್ಚನಲ್ಲ ಎಂದೂ ಹೇಳಿದರು. ಕಾನೂನಿಗೆ ಬೇಕಾಗಿದ್ದದ್ದು ಹುಚ್ಚೋ ಅಲ್ಲವೋ ಎಂಬುದಷ್ಟೆ. ಮರಣದಂಡನೆಯಾಯಿತು. ಅಗಿಲಾರ್‌ನನ್ನು 1937ರಲ್ಲೇ ಕೊಂದರು. ಗೇಲ್ ಐರ್ಲೆಂಡ್ ಎಂಬ ವಕೀಲ ಪಟ್ಟುಬಿಡದೆ ಹೋರಾಡಿ ಜೋನ ಶಿಕ್ಷೆಗೆ ಮತ್ತೆ ಮತ್ತೆ ತಡೆ ತಂದರು. ಗವರ್ನರ್ ಮಾತ್ರ ಕ್ಷಮೆ ಕೊಡಲಿಲ್ಲ.

ಕ್ಯಾನ್ಯನ್ ಸಿಟಿಯ ಜೈಲಿನ ವಾರ್ಡನ್ ರಾಯ್ ಬೆಸ್ಟ್ ಇವನಿಗೆ ಒಂದು ಆಟದ ರೈಲು ತಂದುಕೊಟ್ಟರು. ಜೋ ದಿನವಿಡೀ ಅದನ್ನು ಓಡಿಸುತ್ತ, ಉರುಳಿಸುತ್ತ, ಸಂಭ್ರಮಪಡುತ್ತಿದ್ದ. ಮರಣದಂಡನೆಗೆ ಕಾದವರಲ್ಲಿ ಇವನಷ್ಟು ಸುಖಿ ಯಾರೂ ಇಲ್ಲ ಎಂದು ವಾರ್ಡನ್ ಹೇಳಿದ್ದರಂತೆ. ಕೊನೆಯ ಊಟಕ್ಕೆ ಕೇಳಿದ್ದು ಐಸ್‌ಕ್ರೀಮ್. ಪೂರ್ತಿ ತಿನ್ನಲಿಲ್ಲ, ಉಳಿದದ್ದನ್ನು ಆಮೇಲೆ ತಿನ್ನುತ್ತೇನೆ, ಎತ್ತಿಡಿ ಎಂದ. ರೈಲನ್ನು ಇನ್ನೊಬ್ಬ ಕೈದಿಗೆ ಕೊಟ್ಟ. 1939ರ ಜನವರಿ 6ರಂದು ವಿಷಾನಿಲದ ಕೋಣೆಯೊಳಗೆ ನಗುತ್ತಲೇ ಹೋದ. ವಯಸ್ಸು 23.

ಈ ವಾರ್ಡನ್ ಬಗ್ಗೆ ನನ್ನ ಮನಸ್ಸು ಇಂದಿಗೂ ಒಂದು ಕಡೆ ನಿಲ್ಲುವುದಿಲ್ಲ. ಅವರ ಪ್ರೀತಿ ನಿಜ. ಜೋನನ್ನು ಉಳಿಸಿ ಎಂದು ಅವರೂ ಕೇಳಿಕೊಂಡಿದ್ದರು, ಕೊನೆಯಲ್ಲಿ ಅತ್ತರು ಎಂದೂ ದಾಖಲಾಗಿದೆ. ಆದರೆ ಆ ಕೋಣೆಯವರೆಗೆ ಕೈಹಿಡಿದು ನಡೆಸಿದ್ದೂ ಅವರೇ. ಆಟಿಕೆ ಕೊಟ್ಟವರಿಗೆ ಇವನು ಮಗು ಎಂದು ಗೊತ್ತಿತ್ತು. ವೈದ್ಯರಿಗೆ ಗೊತ್ತಿತ್ತು, ಪತ್ರಿಕೆಗಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಂದರು ಎಂಬುದನ್ನು ನನ್ನಿಂದ ಅರಗಿಸಿಕೊಳ್ಳಲಾಗುವುದಿಲ್ಲ. 2011ರ ಜನವರಿಯಲ್ಲಿ ಇನ್ನೊಬ್ಬ ಗವರ್ನರ್ ಜೋಗೆ ಸಂಪೂರ್ಣ ಕ್ಷಮಾದಾನ ನೀಡಿದರು. 72 ವರ್ಷಗಳ ಮೇಲೆ.

ಅದು ಅಮೆರಿಕ, ಅದು ಹಳೆಯ ಕಾಲ ಎನ್ನುವವರಿಗೆ ಎರಡು ಮಾತು. ಬುದ್ಧಿಮಾಂದ್ಯರಿಗೆ ಮರಣದಂಡನೆ ಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಇನ್ನು ನಮ್ಮಲ್ಲಿ, ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಪ್ರಾಜೆಕ್ಟ್ 39ಎ ತಂಡ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಮರಣದಂಡನೆಗೆ ಗುರಿಯಾದ ಕೈದಿಗಳನ್ನು ಮಾತನಾಡಿಸಿ 2021ರಲ್ಲಿ ವರದಿ ಪ್ರಕಟಿಸಿತು. ಪರೀಕ್ಷೆಗೊಳಗಾದವರಲ್ಲಿ ಸುಮಾರು ನೂರಕ್ಕೆ 11 ಜನರಿಗೆ ಬೌದ್ಧಿಕ ನ್ಯೂನತೆ ಇತ್ತು. ನಮ್ಮ ರಾಜ್ಯದ ಜೈಲುಗಳೂ ಸೇರಿದ ಲೆಕ್ಕ ಇದು. ಮರಣದಂಡನೆ ವಿಧಿಸುವ ಮುನ್ನ ಆರೋಪಿಯ ಮಾನಸಿಕ ಸ್ಥಿತಿಯ ವರದಿಯನ್ನು ವಿಚಾರಣಾ ನ್ಯಾಯಾಲಯವೇ ತರಿಸಿಕೊಳ್ಳಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅದಕ್ಕೂ ಮೊದಲು ಶಿಕ್ಷೆಯಾದವರನ್ನು ಯಾರು ಮಾತನಾಡಿಸಿದ್ದರು?

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಬಾರದು ಎನ್ನುತ್ತದೆ ನಮ್ಮ ಕಾನೂನು. ಬ್ರಿಟಿಷರ ಕಾಲದಿಂದಲೂ ಇರುವ ನಿಯಮ, ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಆದರೂ "ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಎಂದು ಟಿ.ವಿ.ಯಲ್ಲಿ ಬಂದ ಸಂಜೆಯೇ ಇದೇ ಫೇಸ್‌ಬುಕ್‌ನಲ್ಲಿ ಎಷ್ಟು ಜನ ನೇಣು ಹಾಕಿ ಎಂದು ಬರೆಯುತ್ತೀರಿ. ನನ್ನ ಸ್ನೇಹಿತರೇ, ನನ್ನ ಬಂಧುಗಳೇ ಬರೆಯುತ್ತೀರಿ. ಬರೆಯುವ ಮುನ್ನ ನಮ್ಮ ಅಜ್ಜಿ ಕೇಳಿದ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ ಎಂದು ಕೈಮುಗಿದು ಬೇಡುತ್ತೇನೆ.

ಅಜ್ಜಿ ಈಗ ಇಲ್ಲ. ಚಿಕ್ಕಮ್ಮನಿಗೆ ಎಪ್ಪತ್ತಾಯಿತು. ಕೆಲವು ವರ್ಷಗಳಿಂದ ಅವರು ಮಗನಿಗೆ ಒಂದೇ ಒಂದು ಮಾತನ್ನು ಕಲಿಸುತ್ತಿದ್ದಾರೆ. ಹೊರಗಿನವರು ಯಾರು ಏನು ಕೇಳಿದರೂ, "ನನಗೆ ಗೊತ್ತಿಲ್ಲ, ಅಮ್ಮನನ್ನು ಕೇಳಿ" ಎನ್ನಬೇಕು. ಕಳೆದ ತಿಂಗಳು ಹೋಗಿದ್ದಾಗ, ಊಟವಾಯಿತೇನೋ ಎಂದು ಕೇಳಿದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹೌದು" ಎಂದ. ಆಗ ಹನ್ನೊಂದು ಗಂಟೆ. ಅಡುಗೆ ಇನ್ನೂ ಒಲೆಯ ಮೇಲಿತ್ತು.