ಮನೆ ಕಾವಲಿಗೆ ಮೊದಲ ಬಂದೂಕು: ನನ್ನ ಕೇಳಿದರೆ ಜೋಡು ನಳಿಗೆ

ಗಂಗಾವತಿ, ಕನಕಗಿರಿ, ಕುಷ್ಟಗಿ ಕಡೆ ಹೊಲದಲ್ಲೇ ಮನೆ ಕಟ್ಟಿಕೊಂಡವರು ಆಗಾಗ ಕೇಳುತ್ತಿರುತ್ತಾರೆ: "ಅಣ್ಣಾರ, ಮನಿಗೊಂದು ಬಂದೂಕು ತಗೋಬೇಕಂತೀನ್ರಿ, ಯಾವುದು ಛಲೋ?" ಊರಿಂದ ದೂರ, ದಾಳಿಂಬೆ ತೋಟದ ನಡುವೆ ಒಂಟಿ ಮನೆ. ಮೋಟರಿನ ಕೇಬಲ್ ಕಳ್ಳರ ಕಾಟ ಒಂದು ಕಡೆ. ಬೆಟ್ಟದಿಂದ ಕರಡಿ, ಚಿರತೆ ಇಳಿಯುವ ಭಯ ಇನ್ನೊಂದು ಕಡೆ. ಅವರ ಭಯ ಸುಳ್ಳಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಲೈಸೆನ್ಸ್ ಇದೆ, ಅದಕ್ಕೇ ನನ್ನ ಕೇಳುತ್ತಾರೆ.

ನಾನು ಹೇಳೋದು ಇಷ್ಟು. ಮೊದಲ ಬಂದೂಕು ಆರಿಸುವಾಗ ಎಷ್ಟು ಬೇಗ ಹೊಡೆಯುತ್ತೆ ಅನ್ನೋದನ್ನು ಆಮೇಲೆ ನೋಡಿ. ಅದರ ತೋಟಾ ತೆಗೆದು ಖಾಲಿ ಮಾಡೋದು ಎಷ್ಟು ಸುಲಭ, ಖಾಲಿ ಇರೋದು ಮನೆಯವರ ಕಣ್ಣಿಗೂ ಕಾಣುತ್ತಾ ಅನ್ನೋದನ್ನು ಮೊದಲು ನೋಡಿ. ಹಾಗೆ ನೋಡಿದರೆ 12 ಬೋರಿನ (ಬೋರು ಅಂದರೆ ನಳಿಗೆಯ ತೂತಿನ ಅಳತೆ) ಸಾದಾ ಡಬಲ್ ಬ್ಯಾರಲ್‌ಗೆ, ಅಂದರೆ ಜೋಡು ನಳಿಗೆಗೆ, ಸಮ ಯಾವುದೂ ಇಲ್ಲ.

ನಳಿಗೆಯ ಹಿಂದೆ ಮೇಲಿರುವ ಚಾವಿಯಂಥ ಸಣ್ಣ ಸನ್ನೆ ಪಕ್ಕಕ್ಕೆ ತಳ್ಳಿದರೆ ನಳಿಗೆ ಕೆಳಗೆ ಬಾಗುತ್ತದೆ. ಎರಡು ತೂತು ಕಾಣುತ್ತವೆ. ತೋಟಾ ಇದ್ದರೆ ಅದರ ಹಿತ್ತಾಳೆ ತಳ ಹೊಳೆಯುತ್ತದೆ, ಇಲ್ಲದಿದ್ದರೆ ಆ ಕಡೆಯ ಬೆಳಕು ಕಾಣುತ್ತದೆ. ನಮ್ಮ ಮನೆಯಲ್ಲಿ ನಾನು ನಳಿಗೆ ಬಾಗಿಸಿ ಹಿಡಿದರೆ ಅವ್ವ ಬಾಗಿಲ ಬೆಳಕಿಗೆ ನೋಡಿ "ಖಾಲಿ ಐತಿ" ಅನ್ನುತ್ತಾಳೆ. ಆಮೇಲೇ ಒಳಗಿಡೋದು. ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಬಂದೂಕು ಒಮ್ಮೆಯೂ ಹೊಡೆದವಳಲ್ಲ. ಆದರೂ ಅವಳ ಕಣ್ಣಿಗೆ ಅದು ಗೊತ್ತಾಗುತ್ತದೆ. ನಳಿಗೆಯ ಕೆಳಗಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಆಕ್ಷನ್‌ನಲ್ಲಿ ಹಾಗಲ್ಲ. ನಳಿಗೆಯ ಹಿಂಬದಿಯಲ್ಲಿ ಕೂತಿದ್ದ ತೋಟಾ ತೆಗೆದರೂ ಕೆಳಗಿನ ಕೊಳವೆಯಲ್ಲಿ ಇನ್ನೂ ಉಳಿದಿರಬಹುದು. ಒಮ್ಮೆ ಹಿಂದೆ ಮುಂದೆ ಎಳೆದರೆ ಅದು ಮೇಲೆ ಬಂದು ಕೂರುತ್ತದೆ. ಕೈ ಪಳಗಿದವರಿಗೆ ಅದು ಒಳ್ಳೆ ಬಂದೂಕೇ. ಮಕ್ಕಳಿರುವ ಮನೆಗೆ ಮೊದಲನೆಯದಾಗಿ ಮಾತ್ರ ನಾನು ಹೇಳುವುದಿಲ್ಲ.

"ಎರಡೇ ಗುಂಡಾ?" ಅಂತ ಹುಡುಗರು ಕೇಳುತ್ತಾರೆ. ಯೂಟ್ಯೂಬ್‌ನಲ್ಲಿ ಅಮೆರಿಕದವರ ವಿಡಿಯೋ ನೋಡಿರುತ್ತಾರೆ. ಅಲ್ಲಿನ ಕಾನೂನು ಬೇರೆ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ರಕ್ಷಣೆಗೆ ಕೊಡುವ ಇಂಥ ಬಂದೂಕಿನ ನಳಿಗೆ 20 ಇಂಚಿಗಿಂತ ಗಿಡ್ಡ ಇರುವ ಹಾಗಿಲ್ಲ. ತಾನಾಗಿ ತೋಟಾ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ನಮ್ಮಂಥವರಿಗೆ ಸಿಗುವುದೂ ಇಲ್ಲ. ವಯಸ್ಸು 21 ಆಗಿರಬೇಕು. ಕೊಡವರಿಗೆ ಇರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ, ಡಿಸಿ ಕಚೇರಿಗೆ ಅರ್ಜಿ ಹಾಕಿ ಪೊಲೀಸ್ ವರದಿಗೆ ಕಾಯಲೇಬೇಕು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ 5 ವರ್ಷಕ್ಕೆ ಸಿಗುತ್ತದೆ, ಒಬ್ಬರಿಗೆ ಎರಡೇ ಬಂದೂಕು. ಅದೇ ತಿದ್ದುಪಡಿಯಲ್ಲಿ ಮದುವೆ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಂತಲೂ ಬಂದಿದೆ. ಕಾಗದ ಇಲ್ಲದ ನಾಡಬಂದೂಕಿನ ಮಾತು ನನ್ನ ಹತ್ತಿರ ಆಡಲೇಬೇಡಿ.

ತಾತನ ಬಂದೂಕು ಇರುವ ಮನೆಗಳು ನಮ್ಮ ಕಡೆ ಇವೆ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಅದನ್ನು ಮನೆಯಲ್ಲಿ ಹಾಗೇ ಇಟ್ಟುಕೊಳ್ಳುವಂತಿಲ್ಲ. ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. 2016ರ ನಿಯಮದಲ್ಲಿ ಇನ್ನೊಂದು ದಾರಿಯೂ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ಆದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷ ಆದರೆ, ಬದುಕಿರುವಾಗಲೇ ಮಗನಿಗೋ ಮಗಳಿಗೋ ಕೊಡಲು ಅರ್ಜಿ ಹಾಕಬಹುದು. ಅಪ್ಪಂದಿರು ಇದನ್ನು ಬೇಗ ಮಾಡಿ ಮುಗಿಸಿದರೆ ಒಳ್ಳೆಯದು.

ಹಳೆಯದು ಕೊಳ್ಳುವವರು ಬಿಸಿಲಿಗೆ ಬಂದು ನೋಡಿ. ನಳಿಗೆ ಆಕಾಶಕ್ಕೆ ಹಿಡಿದು ಒಳಗೆ ಕಣ್ಣಿಟ್ಟರೆ ಗುಂಡಗಿನ ಬೆಳಕಿನ ಉಂಗುರಗಳು ನೇರವಾಗಿ ಕಾಣಬೇಕು. ಉಂಗುರ ಒಂದು ಕಡೆ ಸೊಟ್ಟಗಾದರೆ ಅಲ್ಲಿ ನಳಿಗೆ ನಗ್ಗಿದೆ. ಕಪ್ಪು ಚುಕ್ಕೆಗಳಿದ್ದರೆ ತುಕ್ಕು ತಿಂದಿದೆ. ಬಾಗಿಸಿದ ನಳಿಗೆ ಮುಚ್ಚಿದ ಮೇಲೆ ಒಂದು ಕೈಯಲ್ಲಿ ನಳಿಗೆ, ಇನ್ನೊಂದರಲ್ಲಿ ಬಟ್ (ಭುಜಕ್ಕೆ ಆನಿಸುವ ಹಿಂದಿನ ಕಟ್ಟಿಗೆ) ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇಡ. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಗೆರೆ ಇದ್ದರೆ ಅದು ಹಳೆ ಕಾಲದಲ್ಲಿ ಕಬ್ಬಿಣದ ಪಟ್ಟಿ ಸುತ್ತಿ ಬೆಸೆದು ಮಾಡುತ್ತಿದ್ದ ಡಮಾಸ್ಕಸ್ ನಳಿಗೆ. ನೋಡೋಕೆ ಬಹಳ ಚೆಂದ, ಆದರೆ ಈಗಿನ ತೋಟಾಕ್ಕೆ ಆಗುವಂಥದ್ದಲ್ಲ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಳೆ ಬಂದೂಕುಗಳಲ್ಲಿ ತೋಟಾ ಕೂರುವ ಜಾಗ 65 ಮಿಲಿಮೀಟರ್ ಇರುತ್ತದೆ. ಅದರಲ್ಲಿ 70ರ ತೋಟಾ ಕೂರುತ್ತದೆ, ನಳಿಗೆಯೂ ಮುಚ್ಚುತ್ತದೆ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಜಾಸ್ತಿ ಆಗುತ್ತದೆ. ಅಳತೆ ಓದದೆ ತೋಟಾ ಹಾಕಬೇಡಿ.

ಅಳತೆ ನಿಮಗೂ ಬೇಕು. ಖಾಲಿ ಬಂದೂಕಿನ ಬಟ್ ಅನ್ನು ಮೊಣಕೈ ಮಡಿಕೆಗೆ ಇಟ್ಟುಕೊಂಡಾಗ ಬೆರಳು ಟ್ರಿಗರ್‌ಗೆ ಸಲೀಸಾಗಿ ಮುಟ್ಟಬೇಕು. ತೀರಾ ಹಗುರದ್ದು ಹುಡುಕಬೇಡಿ, ಹಗುರ ಇದ್ದಷ್ಟೂ ಭುಜಕ್ಕೆ ಒದೆತ ಜೋರು.

ಇನ್ನು ಮನೆಯೊಳಗಿನ ಮಾತು. ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹರಡುತ್ತೆ, ಗುರಿ ಬೇಕಿಲ್ಲ ಅಂತ ಸುಮ್ನೆ ಹೇಳುತ್ತಾರೆ. ಒಂದು ಕೋಣೆಯ ದೂರದಲ್ಲಿ ಅದು ಅಂಗೈಯಷ್ಟೂ ಹರಡಿರುವುದಿಲ್ಲ. ಗುರಿ ಬೇಕೇ ಬೇಕು. ದಪ್ಪ ಚರೆ ತುಂಬಿದ ಎಲ್‌ಜಿ ತೋಟಾದ ಒಂದೊಂದು ಗುಂಡೂ ಸುಮಾರು 9 ಮಿಲಿಮೀಟರ್ ದಪ್ಪ. ತಗಡು, ಹಲಗೆ ಬಾಗಿಲು ಅದಕ್ಕೆ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ನಮ್ಮ ಜನ ಮಲಗೋದು ಎಲ್ಲಿ ಹೇಳಿ? ಅಂಗಳದಲ್ಲಿ, ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ. ಕೂಲಿಗೆ ಬಂದವರು ತಗಡಿನ ಶೆಡ್ಡಿನ ಆ ಕಡೆ ಮಲಗಿರುತ್ತಾರೆ. ನೀವು ಹೊಡೆದ ಗುಂಡು ನಿಲ್ಲುವ ಜಾಗ ನಿಮಗೆ ಗೊತ್ತಿರಬೇಕು.

ರಾತ್ರಿ ಹೊಲದಲ್ಲಿ ಓಡಾಡುವವರೆಲ್ಲ ಕಳ್ಳರಲ್ಲ ಅನ್ನೋದನ್ನು ನಾನು ದೊಡ್ಡ ದನಿಯಲ್ಲಿ ಹೇಳಬೇಕು. ತ್ರೀ ಫೇಸ್ ಕರೆಂಟ್ ಸರಿರಾತ್ರಿಗೆ ಬಂದರೆ ಪಕ್ಕದ ಹೊಲದ ಹುಡುಗ ಮೋಟರ್ ಹಾಕೋಕೆ ಬಂದೇ ಬರುತ್ತಾನೆ. ಟಾರ್ಚ್ ಬಿಟ್ಟು, ಹೆಸರು ಕೂಗಿ, ಯಾರು ಅಂತ ತಿಳಿಯದೆ ಟ್ರಿಗರ್ ಹತ್ತಿರ ಬೆರಳು ಹೋಗಬಾರದು. ಕೇಬಲ್ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆಯುವ ಹಕ್ಕು ಯಾವ ಕಾನೂನೂ ಕೊಟ್ಟಿಲ್ಲ. ಕತ್ತಲಾದ ಮೇಲೆ ಮನೆ ಒಡೆದು ನುಗ್ಗಿದವನ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಗೆ ದೊಡ್ಡ ಅವಕಾಶ ಕೊಡುತ್ತದೆ. ಅಲ್ಲೂ ಬೇಕಾದಷ್ಟೇ ಬಲ, ಅದಕ್ಕಿಂತ ಜಾಸ್ತಿ ಇಲ್ಲ. ಕರಡಿ, ಚಿರತೆ ಬೆಳೆಗೆ, ದನಕ್ಕೆ ಬಂದವು ಅಂತ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯ ಕೇಸು. ಮೈಮೇಲೆ ಬಿದ್ದು ಜೀವಕ್ಕೆ ಬಂದಾಗಿನ ಮಾತು ಬೇರೆ.

ಬಂದೂಕು ಇಡೋದು ಹೇಗೆ? ಜೋಡು ನಳಿಗೆ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ಅದರ ಕೆಳಗಿನ ಕಟ್ಟಿಗೆ, ಬಟ್. ಬಿಚ್ಚಿ ತಿಜೋರಿಯಲ್ಲಿಟ್ಟು ಬೀಗ ಹಾಕಿ. ತೋಟಾಕ್ಕೆ ಬೇರೆ ಬೀಗ. "ಕಳ್ಳ ಬಂದಾಗ ಇದನ್ನೆಲ್ಲ ಯಾವಾಗ ಜೋಡಿಸೋದ್ರಿ?" ಅಂತಾರೆ. ಜೋಡಿಸಲು ಹಿಡಿಯುವ ಆ ಒಂದು ನಿಮಿಷವನ್ನು ನಿಮ್ಮ ಬಾಗಿಲು ಕೊಡಬೇಕು. ಗಟ್ಟಿ ಚಿಲಕ, ಕಿಟಕಿಗೆ ಸರಳು, ಅಂಗಳಕ್ಕೆ ದೀಪ, ಒಂದು ನಾಯಿ, ಅಷ್ಟರೊಳಗೆ 112ಕ್ಕೆ ಫೋನು. ಇವೆಲ್ಲ ಇಲ್ಲದ ಮನೆಗೆ ಬಂದೂಕು ತರಬೇಡಿ, ಆ ದುಡ್ಡನ್ನು ಬಾಗಿಲಿಗೆ ಹಾಕಿ. ತುಂಬಿದ ಬಂದೂಕು ತಲೆದಿಂಬಿನ ಪಕ್ಕ ಇಟ್ಟುಕೊಂಡರೆ ಕಳ್ಳನಿಗಿಂತ ಮೊದಲು ಅದು ಮಕ್ಕಳ ಕೈಗೆ ಸಿಗುತ್ತದೆ.

ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ಮಾಡುತ್ತಾರೆ. ಕೊಳ್ಳುವ ಮೊದಲೇ ಸೇರಿಕೊಳ್ಳಿ, ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಕೊಡಿ ಅಂತ ಆದೇಶ ಬರುತ್ತದೆ. ಆಗ ನಳಿಗೆಗೆ ಎಣ್ಣೆ ಹಚ್ಚಿಯೇ ಕೊಡಿ, ಬಂದೂಕಿನ ನಂಬರ್ ಬರೆಸಿ ರಸೀದಿ ತಗೊಳ್ಳಿ.