ಬಿಟ್ಟಿ ಕೆಲಸ ಮಾಡುತ್ತೇನೆ, ಆದರೂ ಲೆಕ್ಕ ಕೇಳುತ್ತೇನೆ

"ದುಡ್ಡು ಕೊಡ್ತಾರಾ?"

ಪಿಜನ್ ಪಾಯಿಂಟ್ ಲೈಟ್‌ಹೌಸ್ ಪಾರ್ಕಿನಲ್ಲಿ ವಾಲಂಟಿಯರ್ ಅಂದ ತಕ್ಷಣ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ) ನಮ್ಮವರು ಕೇಳುವುದು ಇದನ್ನೇ. ಇಲ್ಲ ಮಾರಾಯ್ರೆ, ಕೊಡುವುದಿಲ್ಲ. ಪೆಟ್ರೋಲೂ ನನ್ನದೇ. ಊರಲ್ಲಿ ಅಮ್ಮನದ್ದು ಬೇರೆ ಪ್ರಶ್ನೆ: "ಕಾಪು ಲೈಟ್‌ಹೌಸ್ ನೋಡಿಕೊಂಡೇ ಬೆಳೆದವನಿಗೆ ಅಮೆರಿಕಕ್ಕೆ ಹೋಗಿ ಇನ್ನೊಂದು ಲೈಟ್‌ಹೌಸ್ ಕಾಯುವ ಕರ್ಮ ಯಾಕೋ?" ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಡಲು ಕಾಣದಿದ್ದರೆ ನನಗೆ ಆಗುವುದಿಲ್ಲ, ಅಷ್ಟೇ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಹೈವೇ 1 ಹಿಡಿದು ದಕ್ಷಿಣಕ್ಕೆ ಬಂದರೆ, ಹಾಫ್ ಮೂನ್ ಬೇ ದಾಟಿ, ಪೆಸ್ಕಡೆರೊ ದಾಟಿ, ಬಂಡೆಗಳ ತುದಿಯಲ್ಲಿ ಬಿಳಿ ಗೋಪುರ ಕಾಣುತ್ತದೆ. 115 ಅಡಿ ಎತ್ತರ. 1853ರಲ್ಲಿ ಕ್ಯಾರಿಯರ್ ಪಿಜನ್ ಎಂಬ ಹಡಗು ತನ್ನ ಮೊದಲ ಪ್ರಯಾಣದಲ್ಲೇ ಇಲ್ಲಿ ಬಂಡೆಗೆ ಬಡಿದು ಒಡೆಯಿತು. ಆಮೇಲೆ 1865ರಲ್ಲಿ ಒಂದು, 1866ರಲ್ಲಿ ಇನ್ನೊಂದು, ಜನ ಸತ್ತರು. ದೀಪ ಹೊತ್ತಿದ್ದು 1872ರ ನವೆಂಬರ್‌ನಲ್ಲಿ. ಅಷ್ಟು ನಿಧಾನ! ಸರಕಾರದ ನಿಧಾನದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನಗೆ ಹೇಳಲು ಖುಷಿ ಅನಿಸುವುದು ಲೆನ್ಸಿನ ಕತೆ, ಅಂದರೆ ದೀಪದ ಬೆಳಕನ್ನು ದೂರಕ್ಕೆ ಹಾಯಿಸುವ ದೊಡ್ಡ ಗಾಜಿನದ್ದು. ಪ್ಯಾರಿಸ್‌ನಲ್ಲಿ ಮಾಡಿದ್ದು, 1,008 ಗಾಜಿನ ತುಂಡುಗಳು, ತೂಕ ಸುಮಾರು ನಾಲ್ಕು ಟನ್. 2011ರಲ್ಲಿ ಗೋಪುರದಿಂದ ಕೆಳಗಿಳಿಸಿ, ಮಂಜು ಕವಿದಾಗ ಹಡಗುಗಳಿಗೆ ಸೀಟಿ ಊದುತ್ತಿದ್ದ ಪಕ್ಕದ ಹಳೇ ಕಟ್ಟಡದಲ್ಲಿ ಇಟ್ಟರು. ದೀಪ ಆರಿ ಆರಿ ಹೊತ್ತುತ್ತದೆ ಅಂತಲೇ ಎಲ್ಲರೂ ತಿಳಿದಿರುತ್ತಾರೆ, ದೊಡ್ಡವರೂ ಸಹ. ಹಾಗಲ್ಲ. ಒಳಗಿನ ದೀಪ ಸುಮ್ನೆ ಉರಿಯುತ್ತಲೇ ಇರುತ್ತಿತ್ತು, ತಿರುಗುತ್ತಿದ್ದದ್ದು ಅದರ ಸುತ್ತಲಿನ ಗಾಜು. ಗಾಜಿನ 24 ಭಾಗಗಳು, ಒಂದೊಂದು ಭಾಗ ಹಡಗಿನ ಕಡೆ ತಿರುಗಿದಾಗ ಒಂದು ಮಿಂಚು, ಒಂದು ಸುತ್ತಿಗೆ ನಾಲ್ಕು ನಿಮಿಷ. ಭಾಗಿಸಿ ನೋಡಿ, ಹತ್ತು ಸೆಕೆಂಡಿಗೆ ಒಂದು ಮಿಂಚು. ಕತ್ತಲಲ್ಲಿ ಹಡಗಿನವನು ಸೆಕೆಂಡ್ ಎಣಿಸಿ ಇದು ಯಾವ ಲೈಟ್‌ಹೌಸ್ ಅಂತ ಗುರುತು ಹಿಡಿಯುತ್ತಿದ್ದ. ಕರೆಂಟಿಲ್ಲದ ಕಾಲದಲ್ಲಿ ಆ ನಾಲ್ಕು ಟನ್ ತಿರುಗಿಸುತ್ತಿದ್ದದ್ದು ನೇತುಹಾಕಿದ ಒಂದು ಭಾರ, ಅದು ಕೆಳಗಿಳಿದಾಗೆಲ್ಲ ಕಾವಲುಗಾರ ಮತ್ತೆ ಕೀಲಿ ಕೊಡಬೇಕು, ರಾತ್ರಿಯಿಡೀ. ಮೊದಮೊದಲು ಉರಿಸುತ್ತಿದ್ದದ್ದು ಹಂದಿ ಕೊಬ್ಬಿನ ಎಣ್ಣೆ. ಇದನ್ನು ಕೇಳಿದ ಮೇಲೆ ಮಕ್ಕಳು ಲೆನ್ಸನ್ನು ಎರಡನೇ ಸಲ ನೋಡುವ ರೀತಿಯೇ ಬೇರೆ.

ಇನ್ನು ಚಳಿಗಾಲದಲ್ಲಿ ತಿಮಿಂಗಿಲ. ಆರ್ಕ್ಟಿಕ್ ಕಡೆಯಿಂದ ಮೆಕ್ಸಿಕೋದ ಬಾಹಾವರೆಗೆ ಹೋಗುವ ಗ್ರೇ ವೇಲ್‌ಗಳು ದಡದಿಂದಲೇ ಕಾಣುತ್ತವೆ. ನಾನು ಬೈನಾಕ್ಯುಲರ್ ಕೊಟ್ಟು ನಿಂತರೆ ಸಾಕು, ಅವುಗಳಿಗೆ ನನ್ನ ಭಾಷಣ ಬೇಡ.

ಆದರೆ ಎಲ್ಲರೂ ಕೇಳುವುದು ಒಂದೇ: "ಮೇಲೆ ಹತ್ತಬಹುದಾ?" 2001ರ ಡಿಸೆಂಬರ್‌ನಲ್ಲಿ ಗೋಪುರದ ಮೇಲ್ಭಾಗದಿಂದ ಕಬ್ಬಿಣ, ಇಟ್ಟಿಗೆ ಕಳಚಿ ಬಿತ್ತು. ಬಾಗಿಲು ಹಾಕಿದರು. ದೊಡ್ಡ ರಿಪೇರಿಗೆ ರಾಜ್ಯದ ಬಜೆಟ್‌ನಲ್ಲಿ ಸುಮಾರು 1.9 ಕೋಟಿ ಡಾಲರ್ ಇಟ್ಟದ್ದು 2019ರಲ್ಲಿ, ಕೆಲಸ ಶುರುವಾಗಿದ್ದು ಅದಕ್ಕೂ ಎಷ್ಟೋ ಆಮೇಲೆ. ಹೆಚ್ಚುಕಮ್ಮಿ ಎರಡು ದಶಕ ಉಪ್ಪುಗಾಳಿ ಕಬ್ಬಿಣ ತಿನ್ನುತ್ತಲೇ ಇತ್ತು, ಬೇಲಿಯ ಹೊರಗೆ ನಮ್ಮಂಥವರು ನಿಂತು ನಗುನಗುತ್ತಾ ಕತೆ ಹೇಳುತ್ತಲೇ ಇದ್ದರು.

ನನ್ನ ತಕರಾರು ಇಲ್ಲಿಯೇ. ವಾಲಂಟಿಯರ್‌ಗಳು ಚೆನ್ನಾಗಿ ಕೆಲಸ ಮಾಡಿದಷ್ಟೂ ಪಾರ್ಕು ಸರಿಯಾಗಿಯೇ ನಡೆಯುತ್ತಿದೆ ಅಂತ ಕಾಣುತ್ತದೆ. ನಾವು ಕಸ ಹೆಕ್ಕುತ್ತೇವೆ, ಕಳೆ ಕೀಳುತ್ತೇವೆ, ದಾರಿ ತೋರಿಸುತ್ತೇವೆ. ಸಂತೋಷದಿಂದಲೇ. ಆದರೆ ತುಕ್ಕು ಹಿಡಿದ ತೊಲೆಗೆ ನನ್ನ ಭಾನುವಾರದಿಂದ ಏನಾಗಬೇಕು? ಅದಕ್ಕೆ ಇಂಜಿನಿಯರ್ ಬೇಕು, ದುಡ್ಡು ಬೇಕು.

2011ರಲ್ಲಿ ಏನಾಯಿತು ಗೊತ್ತಾ? ದುಡ್ಡಿಲ್ಲ, ರಾಜ್ಯದ 278 ಪಾರ್ಕುಗಳಲ್ಲಿ 70 ಮುಚ್ಚುತ್ತೇವೆ ಅಂತ ಕ್ಯಾಲಿಫೋರ್ನಿಯಾ ಘೋಷಿಸಿತು. ಜನ ಗಾಬರಿಯಾಗಿ ಚಂದಾ ಎತ್ತಿದರು, ಸಂಘಗಳು ಮುಂದೆ ಬಂದವು. ಮರುವರ್ಷ ಜುಲೈಯಲ್ಲಿ ನೋಡಿದರೆ ಪಾರ್ಕ್ ಇಲಾಖೆಯ ಖಾತೆಗಳಲ್ಲಿ ಲೆಕ್ಕಕ್ಕೆ ತೋರಿಸದ 5 ಕೋಟಿ 40 ಲಕ್ಷ ಡಾಲರ್ ಇತ್ತು! ನಿರ್ದೇಶಕರು ರಾಜೀನಾಮೆ ಕೊಟ್ಟರು. ಆದರೆ ಮಕ್ಕಳ ಕೈಯಲ್ಲಿ ಡಬ್ಬ ಹಿಡಿಸಿ ಚಂದಾ ಎತ್ತಿದವರಿಗೆ ಹೇಗೆ ಅನಿಸಿರಬೇಕು?

ಹಾಗಂತ ವಾಲಂಟಿಯರ್ ಆಗಬೇಡಿ ಅನ್ನುತ್ತಿಲ್ಲ, ಆಗಿ. ಅದರಲ್ಲೂ ಎಚ್4 ವೀಸಾದಲ್ಲಿ (ಗಂಡನ ಅಥವಾ ಹೆಂಡತಿಯ ಕೆಲಸದ ವೀಸಾ ಮೇಲೆ) ಬಂದು ಮನೆಯೊಳಗೇ ಕೂತು ಬೇಜಾರಾದವರು ಬನ್ನಿ, ತರಬೇತಿ ಕೊಡುತ್ತಾರೆ. ಇಂಗ್ಲಿಷ್ ಹೀಗೇ ಇರಬೇಕು ಅಂತಿಲ್ಲ, ನನ್ನ ಮಂಗಳೂರು ಕಡೆಯ ಇಂಗ್ಲಿಷನ್ನು ಜನ ಸಹಿಸಿಕೊಂಡಿದ್ದಾರೆ. ಆದರೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಇರಬೇಡಿ. ಈ ವರ್ಷ ರಿಪೇರಿಗೆ ಎಷ್ಟು ಇಟ್ಟಿದ್ದೀರಿ ಅಂತ ನಿಮ್ಮ ಏರಿಯಾದ ಅಸೆಂಬ್ಲಿ ಮೆಂಬರ್‌ಗೆ ಒಂದು ಇಮೇಲ್ ಹಾಕಿ. "ನಮಗೆ ಇಲ್ಲಿ ವೋಟೇ ಇಲ್ಲವಲ್ಲ" ಅನ್ನುವವರಿಗೆ: ಪೇಸ್ಲಿಪ್ ತೆಗೆದು ನೋಡಿ, ಕ್ಯಾಲಿಫೋರ್ನಿಯಾ ಸ್ಟೇಟ್ ಟ್ಯಾಕ್ಸ್ ಅಂತ ಪ್ರತಿ ಸಲ ಕತ್ತರಿಸುತ್ತಿದ್ದಾರೆ, ಅಲ್ವಾ?