ತಿಮ್ಮಣ್ಣ ಸತ್ತಿದ್ದಕ್ಕೆ ದಾಖಲೆ ಎಲ್ಲಿ?

ಪೌತಿ ಖಾತೆ ಮಾಡಿಸಿಕೊಳ್ಳಿ ಅಂತ ಸರ್ಕಾರದಿಂದ ಮತ್ತೆ ಕರೆ ಬಂದಿದೆ. ಸತ್ತವರ ಹೆಸರಲ್ಲಿರುವ ಜಮೀನು ಬದುಕಿರುವವರ ಹೆಸರಿಗೆ ಬರಬೇಕಂತೆ. ಸಂತೋಷ. ನಾನೂ ತಾತ ತಿಮ್ಮಯ್ಯನವರ ಹೊಲದ ಫೈಲು ಹಿಡಿದು ತುಮಕೂರಿನ ಒಂದು ಕಚೇರಿಗೆ ಹೋದೆ.

ಗುಮಾಸ್ತರು ಪಹಣಿ ಮೇಲೆ ಬೆರಳಿಟ್ಟರು. 'ಇಲ್ಲಿ ತಿಮ್ಮಣ್ಣ ಬಿನ್ ರಂಗಪ್ಪ ಅಂತಿದೆ. ತಿಮ್ಮಯ್ಯ ಸತ್ತಿದ್ದಕ್ಕೆ ದಾಖಲೆ ಕೊಟ್ಟಿದ್ದೀರಿ ಸ್ವಾಮಿ. ತಿಮ್ಮಣ್ಣ ಸತ್ತಿದ್ದಕ್ಕೆ?'

ಎಂಥಾ ಸೂಕ್ಷ್ಮ ನೋಡಿ! ತಾತನ ತಿಥಿಯಲ್ಲಿ ವಡೆ ತಿಂದ ನಮಗೇ ಇದು ಹೊಳೆದಿರಲಿಲ್ಲ. ತಿಮ್ಮಣ್ಣ ಇನ್ನೂ ಇದ್ದಾರೆ, ಒಂದೂವರೆ ಎಕರೆ ರಾಗಿ ಹೊಲ ಇಟ್ಟುಕೊಂಡು.

ನಮ್ಮ ಕಡೆ ಮನುಷ್ಯನ ಜೊತೆ ಹೆಸರೂ ಬೆಳೆಯುತ್ತೆ. ದನ ಕಾಯುವಾಗ ತಿಮ್ಮ, ಮೀಸೆ ಬಂದ ಮೇಲೆ ತಿಮ್ಮಣ್ಣ, ಮೊಮ್ಮಕ್ಕಳಾದ ಮೇಲೆ ತಿಮ್ಮಯ್ಯ. ಶಾನುಭೋಗರು ಯಾವ ವಯಸ್ಸಲ್ಲಿ ಬರೆದುಕೊಂಡರೋ ಅದೇ ಖಾಯಂ. ಇಂಗ್ಲಿಷಿನದು ಇನ್ನೊಂದು ಗೋಳು. ರೇಷನ್ ಕಾರ್ಡಿನ ತಿಮ್ಮಯ್ಯನಿಗೆ ಟಿ ಆದ ಮೇಲೆ ಎಚ್ ಇದೆ, ಪಾಸ್‌ಬುಕ್ಕಿನ ತಿಮ್ಮಯ್ಯನಿಗೆ ಇಲ್ಲ. ಅಮೆರಿಕದಲ್ಲಿ ಇದಕ್ಕೇ ಅಂತ ರಸೆಲ್ ಎಂಬಾತ 1918ರಲ್ಲೇ ಒಂದು ಪದ್ಧತಿಗೆ ಪೇಟೆಂಟ್ ತಗೊಂಡಿದ್ದ. ಸೌಂಡೆಕ್ಸ್ ಅಂತಾರೆ. ಸ್ಪೆಲಿಂಗ್ ಹೇಗೇ ಇರಲಿ, ಕೇಳೋಕೆ ಒಂದೇ ಥರ ಇದ್ದರೆ ಕೋಡೂ ಒಂದೇ. ಎಚ್ ಇದ್ದರೂ ಇಲ್ಲದಿದ್ದರೂ ತಿಮ್ಮಯ್ಯ ಟಿ500. ತಿಮ್ಮಣ್ಣ ಮಾತ್ರ ಟಿ550! ಅಣ್ಣ ಅಯ್ಯ ಆಗೋದು ರಸೆಲ್‌ಗೂ ಗೊತ್ತಿರಲಿಲ್ಲ ಪಾಪ.

ನನ್ನ ಗೆಳೆಯನದು ಇನ್ನೂ ಚೆನ್ನಾಗಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಕೇಳಿದರು. ನಮಗೆಲ್ಲಿಯ ಸರ್‌ನೇಮ್? ಇನಿಶಿಯಲ್ ಬಿಡಿಸಿ 'ತುಮ್ಕೂರ್' ಅಂತ ತುಂಬಿದ. 2014ರ ನವೆಂಬರ್ 1ಕ್ಕೆ ಊರು ಇಂಗ್ಲಿಷಿನಲ್ಲೂ ತುಮಕೂರು ಆಯಿತು. ಇವನೊಬ್ಬ ಹಳೇ ಊರಲ್ಲೇ ಉಳಿದ.

ಅವತ್ತು ಒಂದೇ ಏಟಿಗೆ 12 ಊರುಗಳ ಹೆಸರು ತಿದ್ದಿದರಲ್ಲ, ಸರ್ಕಾರ ಯಾವ ನೋಟರಿ ಮುಂದೆ ನಿಂತಿತ್ತು? ಪೇಪರಲ್ಲಿ ಜಾಹೀರಾತು ಕೊಟ್ಟು, ಇಬ್ಬರು ಸಾಕ್ಷಿ ಕರೆತಂದಿತ್ತಾ?

ಬರೆದವರು ನೀವು. ತಪ್ಪು ನಿಮ್ಮದು. ಜೆರಾಕ್ಸ್ ನಮ್ಮದು, ಬಸ್ ಚಾರ್ಜು ನಮ್ಮದು. 78 ವರ್ಷದ ಅಮ್ಮ ಮಂಡಿ ಹಿಡಿದುಕೊಂಡು ಆ ಕಚೇರಿಯ ಮೆಟ್ಟಿಲ ಮೇಲೆ ಮೂರು ಸಲ ಕೂತಿದ್ದಾರೆ. ಸಾಕಾಗಿದೆ ನನಗೆ.

ಕೊನೆಗೆ ಅಫಿಡವಿಟ್. 'ತಿಮ್ಮ ಉರುಫ್ ತಿಮ್ಮಣ್ಣ ಉರುಫ್ ತಿಮ್ಮಯ್ಯ.' ಇಷ್ಟು ಉರುಫ್ ನಾನು ನೋಡಿದ್ದು ರೌಡಿಗಳ ಪಟ್ಟಿಯಲ್ಲಿ ಮಾತ್ರ. ಟೈಪ್ ಮಾಡುತ್ತಿದ್ದ ಹುಡುಗಿ ತಲೆಯೆತ್ತಿ, 'ಬೇರೆ ಹೆಸರೇನಾದ್ರೂ ಇತ್ತಾ ಅಜ್ಜಿ? ಈಗಲೇ ಹೇಳ್ಬಿಡಿ' ಅಂದಳು.

ಅಮ್ಮ ಯೋಚನೆ ಮಾಡಿದರು. 'ನಮ್ಮತ್ತೆ ಅವರ ಹೆಸರು ಹೇಳ್ತಿರಲಿಲ್ಲ ಕಣಮ್ಮ. ಇವ್ರೇ, ಇವ್ರೇ ಅಂತಿದ್ರು. ಅದನ್ನೂ ಹಾಕ್ಬಿಡು.'